ಜಿಲೇಟಿನ್ ಪೇಪರ್ ಹಿಡಿದು ಹವಳದ ಫೋಟೊ

ಮನೆಯಲ್ಲಿ ಹವಳ ಸಾಕಿದವರ ಅಕ್ವೇರಿಯಂ ಮುಂದೆ ನಿಂತರೆ ಕಣ್ಣು ಕೀಳಲಾಗುವುದಿಲ್ಲ. ಕಡುನೀಲಿ ಬೆಳಕಿನಲ್ಲಿ ಹಸಿರು, ಕಿತ್ತಳೆ ಬಣ್ಣಗಳು ಕೆಂಡದ ಹಾಗೆ ಹೊಳೆಯುತ್ತಿರುತ್ತವೆ. ಮೊಬೈಲ್ ತೆಗೆದು ಒಂದು ಫೋಟೊ ಹೊಡೆಯಿರಿ. ಶಾಯಿ ಚೆಲ್ಲಿದ ಹಾಗೆ ಬರೀ ನೀಲಿ! ದುಬಾರಿ ಕ್ಯಾಮೆರಾ ಇಲ್ಲದ್ದಕ್ಕೆ ಹೀಗೆ ಅಂತ ನಾನು ತುಂಬಾ ದಿನ ನಂಬಿದ್ದೆ.

ಹವಳ ಒಂದು ಪ್ರಾಣಿ. ಅದರ ಮೈಯೊಳಗೆ ಕಣ್ಣಿಗೆ ಕಾಣದಷ್ಟು ಸಣ್ಣ ಪಾಚಿ ಇರುತ್ತದೆ. ಈ ಪಾಚಿ ಬೆಳಕಿನಿಂದ, ಅದರಲ್ಲೂ ನೀಲಿ ಬೆಳಕಿನಿಂದ, ಆಹಾರ ಮಾಡಿ ಹವಳಕ್ಕೂ ಹಂಚುತ್ತದೆ. ಅದಕ್ಕೇ ತೊಟ್ಟಿಯ ಮೇಲೆ ನೀಲಿ ಎಲ್‌ಇಡಿ ಜಾಸ್ತಿ, ಸುಮಾರು 450 ನ್ಯಾನೊಮೀಟರ್ ತರಂಗಾಂತರದ್ದು. ಇನ್ನು ಆ ಹೊಳಪು ಹವಳದ ಪ್ರೋಟೀನ್‌ಗಳದ್ದು. ಅವು ನೀಲಿ ಬೆಳಕನ್ನು ನುಂಗಿ ಹಸಿರನ್ನೋ ಕೆಂಪನ್ನೋ ಹೊರಬಿಡುತ್ತವೆ. ಇಂಥ ಹಸಿರು ಪ್ರೋಟೀನನ್ನು ಮೊದಲು ಜೆಲ್ಲಿ ಮೀನಿನಲ್ಲಿ ಕಂಡ ಒಸಾಮು ಶಿಮೊಮುರಾ ಅವರು 2008ರ ರಸಾಯನಶಾಸ್ತ್ರ ನೊಬೆಲ್ ಹಂಚಿಕೊಂಡರು.

ನಮ್ಮ ಕಣ್ಣು ಹಸಿರಿಗೆ ಚುರುಕು, ಕಡುನೀಲಿಗೆ ಮಂದ. ಹಾಗಾಗಿ ಹೊಳಪು ಎದ್ದು ಕಾಣುತ್ತದೆ. ಕ್ಯಾಮೆರಾ ಸೆನ್ಸರ್‌ನಲ್ಲಿ ನಾಲ್ಕು ಪಿಕ್ಸೆಲ್‌ಗೆ ಒಂದು ನೀಲಿಯದು. ಎಲ್‌ಇಡಿ ಬೆಳಕಿಗೆ ಅದು ತುಂಬಿ ತುಳುಕುತ್ತದೆ, ಹವಳದ ಹಸಿರು ಅದರಡಿ ಮುಳುಗಿಹೋಗುತ್ತದೆ.

ಪರಿಹಾರ ಸ್ಟೇಷನರಿ ಅಂಗಡಿಯಲ್ಲಿದೆ. ಗಣಪತಿ ಮಂಟಪಕ್ಕೆ ಅಂಟಿಸುತ್ತೀವಲ್ಲ, ಅದೇ ಕಿತ್ತಳೆ ಜಿಲೇಟಿನ್ ಪೇಪರ್. ಸುಕ್ಕಿಲ್ಲದ ತುಂಡೊಂದನ್ನು ಮೊಬೈಲ್ ಲೆನ್ಸ್ ಮೇಲೆ ಬಿಗಿಯಾಗಿ ಅಂಟಿಸಿ. ಹವಳಕ್ಕೆ ತಾಗಿ ವಾಪಸ್ ಬರುವ ನೀಲಿಯನ್ನು ಅದು ಬಹುಮಟ್ಟಿಗೆ ತಡೆಯುತ್ತದೆ. ಒಳಗೆ ಹೋಗುವುದು ಹೆಚ್ಚಾಗಿ ಹವಳವೇ ಸೂಸಿದ ಬೆಳಕು. ನನಗೆ ಇದಕ್ಕಿಂತ ಒಳ್ಳೆ ಫಿಲ್ಟರ್ ಬೇಕು ಅನ್ನಿಸಿಲ್ಲ.

ಹತ್ತಿರದ ನೋಟಕ್ಕೆ ಕ್ಲಿಪ್ ಮಾಡುವ ಮ್ಯಾಕ್ರೊ ಲೆನ್ಸ್ ಸಾಕು. ಕೆಟ್ಟ ಡಿವಿಡಿ ಪ್ಲೇಯರ್ ಬಿಚ್ಚಿದರೆ ಸಿಗುವ ಪುಟ್ಟ ಲೆನ್ಸೂ ಆಗುತ್ತದೆ, ಆದರೆ ಅದಕ್ಕೆ ವಸ್ತು ತೀರಾ ಹತ್ತಿರ ಇರಬೇಕು. ಮೊಬೈಲನ್ನು ಗಾಜಿಗೆ ನೇರವಾಗಿ ಹಿಡಿಯಿರಿ. ಓರೆಯಾದರೆ ನೀರು, ಗಾಜು ಬೆಳಕನ್ನು ಬಾಗಿಸಿ ಅಂಚುಗಳಲ್ಲಿ ಬಣ್ಣ ಒಡೆಯುತ್ತದೆ. ಇಷ್ಟು ಹತ್ತಿರದಲ್ಲಿ ಸ್ಪಷ್ಟವಾಗಿ ಕಾಣುವ ಆಳ ಒಂದೆರಡು ಮಿಲಿಮೀಟರ್ ಅಷ್ಟೇ. ಪಂಪಿನ ಅಲೆಗೆ ಹವಳ ಅಲ್ಲಾಡಿದರೂ ಚಿತ್ರ ಕೆಡುತ್ತದೆ. ಅದಕ್ಕೆ ಐದು ನಿಮಿಷ ಪಂಪ್ ನಿಲ್ಲಿಸುತ್ತೇನೆ, ಅಲಾರಂ ಇಟ್ಟುಕೊಂಡೇ. ಮರೆತರೆ ನೀರಿನಲ್ಲಿ ಆಮ್ಲಜನಕ ಇಳಿಯುತ್ತದೆ.

ನನ್ನ ಹತ್ತಿರ ಇರುವುದು ಜೊಯಾಂಥಸ್ ಎಂಬ ಮೆತ್ತನೆಯ ಜೀವಿ, ಹವಳದ ಹತ್ತಿರದ ಬಂಧು; ಗೆಳೆಯನ ತೊಟ್ಟಿಯಲ್ಲೇ ಬೆಳೆದ ತುಂಡು. ಮುರುಡೇಶ್ವರದ ಹತ್ತಿರದ ನಮ್ಮ ನೇತ್ರಾಣಿ ದ್ವೀಪದ ಗಟ್ಟಿ ಹವಳಗಳನ್ನಂತೂ ಮುಟ್ಟಲೇಬಾರದು. ಅವು 1972ರ ವನ್ಯಜೀವಿ ಕಾಯ್ದೆಯ ಒಂದನೇ ಪರಿಶಿಷ್ಟದ ರಕ್ಷಣೆಯಲ್ಲಿವೆ. ಜೊಯಾಂಥಸ್ಸನ್ನು ಗಾಜಿನ ಹತ್ತಿರ ಸರಿಸುವಾಗ ಕೈಗೆ ಗ್ಲೌಸ್ ಹಾಕಿ. ಈ ಬಳಗದ ಕೆಲವಕ್ಕೆ ಪ್ಯಾಲಿಟಾಕ್ಸಿನ್ ಎಂಬ ಘೋರ ವಿಷವಿದೆ.

ಮೊನ್ನೆ ರಾತ್ರಿ ಹಾಗೇ ಕೂತಿದ್ದೆ. ಬರಿಗಣ್ಣಿಗೆ ಅಂಗಿ ಗುಂಡಿಯಷ್ಟು ಕಾಣುವ ಪಾಲಿಪ್, ಅಂದರೆ ಗುಂಪಿನ ಒಂದು ಬಿಡಿ ಜೀವಿ, ಮೊಬೈಲ್ ಪರದೆ ತುಂಬ ಅರಳಿತ್ತು. ನಡುವೆ ಬಾಯಿ, ಸಣ್ಣ ಸೀಳು. ಅಲ್ಲಿಂದ ಅಂಚಿನವರೆಗೆ ಎಳೆ ಎಳೆ ಹಸಿರು ಗೆರೆಗಳು. ಸುತ್ತ ಕಣ್ಣರೆಪ್ಪೆಯಂತೆ ಗಿಡ್ಡ ಬೆರಳುಗಳು. ಪಿಪೆಟ್‌ನಿಂದ ಒಂದು ಹನಿ ಸೀಗಡಿ ಮರಿ ಬಿಟ್ಟೆ. ಒಂದು ಬೆರಳು ಒಳಗೆ ಬಾಗಿತು, ಪಕ್ಕದ್ದೂ ಬಾಗಿತು. ಬಾಯಿ ಮೆಲ್ಲಗೆ ತೆರೆಯುವ ಹೊತ್ತಿಗೆ ಅಲಾರಂ ಹೊಡೆಯಿತು. ಎದ್ದು ಪಂಪ್ ಹಾಕಿದೆ.