ಬೀದರ್‌ನ ಸುರಂಗಕ್ಕೆ ಇಳಿಯುವವರ ಸಂಬಳ ಯಾರ ಲೆಕ್ಕಕ್ಕೆ?

ಬೀದರ್‌ನ ಕರೇಜ್, ಅಂದರೆ ನೆಲದಡಿಯ ಹಳೆಯ ನೀರಿನ ಸುರಂಗದ ಬಗ್ಗೆ ಬರೆಯುವವರು ಸಾಮಾನ್ಯವಾಗಿ ಸುಲ್ತಾನರಿಂದ ಶುರು ಮಾಡಿ ಡ್ರೋನ್ ಫೋಟೋದಲ್ಲಿ ಮುಗಿಸುತ್ತಾರೆ. ನಡುವೆ ಕೆಲವರು ಬಿಟ್ಟುಹೋಗುತ್ತಾರೆ. ಹಗ್ಗ ಹಿಡಿದು ಕೆಳಗಿಳಿದು, ಹೂಳು ತುಂಬಿ ಬುಟ್ಟಿ ಮೇಲಕ್ಕೆ ಕಳಿಸುವವರು. ನಕ್ಷೆ ಹಿಡಿದು ಓಣಿ ಓಣಿ ಸುತ್ತುವ, ಕಚೇರಿ ಬಾಗಿಲಲ್ಲಿ ಕಾಯುವ, ಅರ್ಜಿ ಬರೆಯುವ ಸಣ್ಣ ಪರಿಸರ ಸಂಸ್ಥೆಗಳ ಹುಡುಗ ಹುಡುಗಿಯರು. ಈ ಸುರಂಗ ಯಾಕೆ ಬಂತು, ಹೇಗೆ ಮುಚ್ಚಿಹೋಯಿತು, ಮತ್ತೆ ಯಾರ ಕಣ್ಣಿಗೆ ಬಿತ್ತು ಅನ್ನೋದನ್ನು ಇವರ ಕಡೆಯಿಂದ ನೋಡೋಣ.

ಮೊದಲು ನೆಲದ ವಿಷಯ. ಬೀದರ್ ನಗರ ಕೂತಿರುವುದು ಕೆಂಪುಕಲ್ಲಿನ ಎತ್ತರದ ಬಯಲಿನ ಮೇಲೆ. ಈ ಕಲ್ಲು ತೂತು ತೂತು. ಬಿದ್ದ ಮಳೆಯನ್ನು ಒಳಗೆ ಬಿಟ್ಟುಕೊಳ್ಳುತ್ತದೆ. ಅದರ ಅಡಿಗೆ ಗಟ್ಟಿ ಕರಿಕಲ್ಲು, ಅಂದರೆ ಬಸಾಲ್ಟ್. ಅದು ನೀರನ್ನು ಅಷ್ಟು ಸುಲಭಕ್ಕೆ ಕೆಳಗೆ ಬಿಡುವುದಿಲ್ಲ. ಹಾಗಾಗಿ ಇಳಿದ ನೀರು ಎರಡು ಕಲ್ಲುಗಳ ನಡುವೆ ನಿಂತು, ಅಡ್ಡಕ್ಕೆ ಹರಿದು, ಬಯಲಿನ ಅಂಚಿನಲ್ಲಿ ಝರಿಯಾಗಿ ಹೊರಬೀಳುತ್ತದೆ. ನಾನಕ್ ಝೀರಾ ಗುರುದ್ವಾರದ ಸಿಹಿನೀರು ಅಂಥದ್ದೇ. ಪಾಪನಾಶವೂ ಹಾಗೆ. ಝರಣಿ ನರಸಿಂಹನ ಗುಹೆಯಲ್ಲಿ ಭಕ್ತರು ಎದೆಮಟ್ಟದ ನೀರಲ್ಲಿ ನಡೆದು ದೇವರ ಮುಂದೆ ನಿಲ್ಲುತ್ತಾರಲ್ಲ, ಆ ನೀರೂ ಇದೇ ಲೆಕ್ಕದ್ದು. ಕೆಳಗೆ ನೀರಿದೆ ಅನ್ನುವುದು ಸುಲ್ತಾನರಿಗಿಂತ ಮುಂಚೆಯೇ ಇಲ್ಲಿನ ಜನಕ್ಕೆ ಗೊತ್ತಿರಲೇಬೇಕು.

15ನೇ ಶತಮಾನದ ಮೊದಲ ಭಾಗದಲ್ಲಿ ಬಹಮನಿ ದೊರೆ ಅಹ್ಮದ್ ಶಾ ರಾಜಧಾನಿಯನ್ನು ಕಲಬುರಗಿಯಿಂದ ಬೀದರ್‌ಗೆ ತಂದ. ಕೋಟೆ, ಅರಮನೆ, ತೋಟ, ಸೈನ್ಯ, ಆನೆ, ಕುದುರೆ ಎಲ್ಲ ಬಯಲಿನ ಮೇಲೆ ಬಂದು ಕೂತವು. ಮಾಂಜ್ರಾ ನದಿ ಇರುವುದು ತಗ್ಗಿನಲ್ಲಿ. ಅಲ್ಲಿಂದ ದಿನಾ ನೀರು ಹೊತ್ತು ತರುವ ಮಾತೇ ಇಲ್ಲ. ಅದೇ ಹೊತ್ತಿಗೆ ಬಹಮನಿಗಳಿಗೆ ಇರಾನಿನ ಜೊತೆ ಒಳ್ಳೆ ಹೋಗಿಬರುವಿಕೆ ಇತ್ತು. ಕಿರ್ಮಾನ್ ಕಡೆಯ ಸೂಫಿ ಶಾ ನೇಮತುಲ್ಲಾ ಅವರ ಮನೆತನವೇ ಬೀದರ್‌ಗೆ ಬಂದು ನೆಲೆಸಿತು. ಅಷ್ಟೂರಿಗೆ ಹೋಗುವ ದಾರಿಯಲ್ಲಿರುವ ಚೌಖಂಡಿ, ಅವರ ಮಗ ಖಲೀಲುಲ್ಲಾ ಅವರ ಗೋರಿ. ಕಿರ್ಮಾನ್ ಅಂದರೆ ಒಣ ಸೀಮೆ, ನೆಲದಡಿಯ ಕಾಲುವೆಗಳಿಂದಲೇ ಬದುಕಿದ ಸೀಮೆ. ಬೀದರ್‌ಗೆ ಈ ವಿದ್ಯೆ ಇರಾನಿನ ಕಡೆಯಿಂದ ಬಂತು ಅಂತ ತಿಳಿದವರು ಹೇಳುವುದರಲ್ಲಿ ಆಶ್ಚರ್ಯವಿಲ್ಲ.

ಕೆಲಸ ಹೀಗೆ. ನೀರು ಸಿಗುವ ಎತ್ತರದ ಜಾಗದಲ್ಲಿ ಮೊದಲು ಒಂದು ತಾಯಿಬಾವಿ. ಅಲ್ಲಿಂದ ತಗ್ಗಿನ ಕಡೆಗೆ, ತುಸುವೇ ಇಳಿಜಾರು ಕೊಟ್ಟು, ಮನುಷ್ಯ ಹೋಗುವಷ್ಟು ಸುರಂಗ. ದಾರಿಯುದ್ದಕ್ಕೂ ಅಲ್ಲಲ್ಲಿ ಮೇಲಿಂದ ನೇರ ಇಳಿಯುವ ಬಾವಿಗಳು. ತೋಡುವಾಗ ಮಣ್ಣು ಹೊರಹಾಕಿದ್ದು ಇವುಗಳಿಂದಲೇ, ಗಾಳಿ ಬೆಳಕು ಬಂದದ್ದೂ ಇವುಗಳಿಂದಲೇ. ಆಮೇಲೆ ಜನ ನೀರು ಸೇದಲಿಕ್ಕೂ ಇವೇ ಆದವು. ಬೀದರ್ ನಗರದ ನೌಬಾದ್‌ನ ಕರೇಜ್‌ನಲ್ಲಿ ಇಂಥ ಗಾಳಿಬಾವಿಗಳು 20ಕ್ಕೂ ಜಾಸ್ತಿ. ಸುರಂಗದ ಉದ್ದ 2 ಕಿಲೋಮೀಟರ್ ದಾಟುತ್ತದೆ. ಪಂಪ್ ಇಲ್ಲ, ಎತ್ತು ಇಲ್ಲ, ನೀರು ತನ್ನ ಪಾಡಿಗೆ ಹರಿಯುತ್ತದೆ. ಬುರ್ಹಾನ್‌ಪುರದ ಇಂಥದ್ದೇ ನೀರಿನ ವ್ಯವಸ್ಥೆಗೆ ದೇಶದಲ್ಲಿ ಹೆಸರು ಜಾಸ್ತಿ. ಆದರೆ ಅದು ಮೊಗಲರ ಕಾಲದ್ದು, 17ನೇ ಶತಮಾನದ್ದು. ನಮ್ಮದು ಅದಕ್ಕಿಂತ ಹಳೆಯದು ಅಂತ ಸ್ವಲ್ಪ ಹೆಮ್ಮೆ ಪಟ್ಟುಕೊಳ್ಳಬಹುದು.

ಈ ನೀರು ತಾನಾಗಿ ಹರಿಯುತ್ತದೆ, ನಿಜ. ಆದರೆ ಸುರಂಗ ತಾನಾಗಿ ಉಳಿಯುವುದಿಲ್ಲ. ಮೇಲಿಂದ ಮಣ್ಣು ಉದುರುತ್ತದೆ, ಬೇರು ಇಳಿಯುತ್ತದೆ, ಮಳೆಗಾಲದಲ್ಲಿ ಕೆಸರು ನುಗ್ಗುತ್ತದೆ. ಆಗಾಗ ಯಾರಾದರೂ ಇಳಿದು ತೆಗೆಯಲೇಬೇಕು. ಇರಾನಿನಲ್ಲಿ ಇದು ಅಪ್ಪನಿಂದ ಮಗನಿಗೆ ಬರುವ ಕಸುಬು. ಒಳಗೆ ಎಣ್ಣೆದೀಪ ಇಟ್ಟುಕೊಂಡು ದಾರಿ ನೇರ ಇದೆಯಾ ನೋಡುತ್ತಿದ್ದರು. ದೀಪ ಮಂಕಾದರೆ ಗಾಳಿ ಕೆಟ್ಟಿದೆ ಅಂತ ಹಿಂದೆ ಬರುತ್ತಿದ್ದರು. ಬೀದರ್‌ನಲ್ಲೂ ಇಷ್ಟು ದೊಡ್ಡ ಕಾಲುವೆ ನಡೆದಿದೆ ಅಂದರೆ ಅದನ್ನು ನೋಡಿಕೊಳ್ಳುವ ಕೈಗಳು ಇದ್ದೇ ಇದ್ದವು. ಅವರ ಹೆಸರು ಯಾವ ಶಾಸನದಲ್ಲೂ ಹುಡುಕಬೇಡಿ. ಗೋರಿ ಕಟ್ಟಿಸಿದವರ ಹೆಸರು ಉಳಿಯುತ್ತದೆ, ಹೂಳು ತೆಗೆದವರದ್ದಲ್ಲ.

ಮುಚ್ಚಿಹೋದದ್ದು ಒಂದೇ ದಿನದಲ್ಲಲ್ಲ. ಬಹಮನಿಗಳ ನಂತರ ಬರೀದ್ ಶಾಹಿಗಳು, 1619ರಲ್ಲಿ ಬಿಜಾಪುರದ ಆದಿಲ್ ಶಾಹಿಗಳು, 1657ರಲ್ಲಿ ಔರಂಗಜೇಬ್, ಆಮೇಲೆ ನಿಜಾಮರು. ರಾಜಧಾನಿ ಹೋದ ಊರಿಗೆ ಖಜಾನೆಯ ಕೈ ಸಣ್ಣದಾಗುತ್ತದೆ. ಆದರೂ ಮನೆ ಮನೆಯ ಸೇದುಬಾವಿ ಮೊನ್ನೆ ಮೊನ್ನೆಯವರೆಗೂ ನಡೆದವು. ಅವಕ್ಕೆ ಪೆಟ್ಟು ಬಿದ್ದಿದ್ದು ನಳ ಮತ್ತು ಬೋರ್‌ವೆಲ್ ಬಂದ ಮೇಲೆ. ಕಾರಂಜಾ ಜಲಾಶಯದ ನೀರು ಪೈಪಿನಲ್ಲಿ ಮನೆಗೆ ಬರುವಾಗ ಬಾವಿಗೆ ಇಣುಕುವವರು ಯಾರು? ಗಾಳಿಬಾವಿಗಳ ಬಾಯಿ ಕಸದ ತೊಟ್ಟಿಯಾಯಿತು. ಕೆಲವಕ್ಕೆ ಬಂಡೆ ಎಳೆದರು, ಕೆಲವು ಹೊಸ ಬಡಾವಣೆಯ ಅಡಿಗೆ ಸೇರಿದವು. ಇದರಲ್ಲಿ ಖಳನಾಯಕ ಯಾರೂ ಇಲ್ಲ. ಸುಮ್ನೆ ಆ ಕೆಲಸ ಯಾರದ್ದೂ ಅಲ್ಲದೆ ಹೋಯಿತು, ಅಷ್ಟೇ.

ಮತ್ತೆ ಗಮನ ಬಂದದ್ದು 2010ರ ದಶಕದಲ್ಲಿ. ಕೇರಳದ ಪಾಲಕ್ಕಾಡ್ ಜಿಲ್ಲೆಯ ಚಿತ್ತೂರು ಸರ್ಕಾರಿ ಕಾಲೇಜಿನ ಭೂಗೋಳ ಅಧ್ಯಾಪಕ ವಿ. ಗೋವಿಂದನ್‌ಕುಟ್ಟಿ ಬೀದರ್‌ಗೆ ಬಂದು ಕರೇಜ್‌ಗಳ ಬೆನ್ನು ಹತ್ತಿದರು. ಅವರ ಜೊತೆ ನಿಂತದ್ದು ಬೀದರ್‌ನವರದ್ದೇ ಆದ ಟೀಮ್ ಯುವಾ ಅನ್ನುವ ಸಂಸ್ಥೆ. ಪತ್ರಿಕೆಗಳಲ್ಲಿ ‘ಸುರಂಗ ಪತ್ತೆ’ ಅಂತ ಬಂತು. ಪತ್ತೆ ಅನ್ನುವಷ್ಟು ಗುಟ್ಟೇನೂ ಇರಲಿಲ್ಲ ಬಿಡಿ, ಅಕ್ಕಪಕ್ಕದ ಹಿರಿಯರಿಗೆ ಗೊತ್ತೇ ಇತ್ತು. ಗೊತ್ತಿಲ್ಲದ್ದು ಯಾವ ಬಾವಿ ಯಾವುದಕ್ಕೆ ಸೇರುತ್ತದೆ ಅನ್ನೋದು.

ಅದನ್ನು ಜೋಡಿಸುವುದೇ ಇಂಥ ಸಂಸ್ಥೆಯವರ ನಿಜವಾದ ಕೆಲಸ, ಮತ್ತು ಫೋಟೋದಲ್ಲಿ ಬರದ ಕೆಲಸ. ಒಂದು ಬಾವಿ ಸಿಕ್ಕಿತು ಅಂದರೆ ಜಿಪಿಎಸ್‌ನಲ್ಲಿ ಗುರುತು ಹಾಕಬೇಕು. ಮುಂದಿನದು ಯಾವ ದಿಕ್ಕಿಗೆ ಅಂತ ಅಂದಾಜು ಮಾಡಿ ಹೊಲದಲ್ಲಿ ನಡೆಯಬೇಕು. ಅಲ್ಲಿ ಬಾವಿ ಕಾಣದಿದ್ದರೆ ವಯಸ್ಸಾದವರನ್ನು ಕೇಳಬೇಕು. ‘ಕಾಕಾ, ಇಲ್ಲಿ ಹಿಂದೆ ಬಾವಿ ಇತ್ತಾ?’ ಅಂದರೆ ಸಾಕು, ಚಹಾ ಬರುತ್ತದೆ, ಕತೆಯೂ ಬರುತ್ತದೆ. ಆಮೇಲೆ ಸರ್ವೆ ನಂಬರ್, ಪಹಣಿ, ಮಾಲೀಕರ ಒಪ್ಪಿಗೆ. ಇಲ್ಲಿ ಕತೆ ನಿಧಾನವಾಗುತ್ತದೆ. ತನ್ನ ಸೈಟಿನಡಿ 500 ವರ್ಷದ ಸುರಂಗ ಇದೆ ಅಂದರೆ ಯಾವ ಮಾಲೀಕ ಖುಷಿಪಡುತ್ತಾನೆ? ಮನೆ ಕಟ್ಟಲು ಬಿಡುವುದಿಲ್ಲವೇನೋ ಅನ್ನುವ ಭಯ. ಆ ಭಯವನ್ನು ಕೂತು ಮಾತಾಡಿ ಇಳಿಸಬೇಕು. ಇದಕ್ಕೆ ಇಂಜಿನಿಯರಿಂಗ್ ಪದವಿಗಿಂತ ಕನ್ನಡ, ದಖನಿ ಉರ್ದು ಎರಡೂ ಬರುವ ನಾಲಿಗೆ ಬೇಕು. ಮರಾಠಿ ಬಂದರೆ ಇನ್ನೂ ಒಳ್ಳೆಯದು.

ಇಳಿಯುವ ಕೆಲಸ ಇನ್ನೊಂದು ತರದ್ದು. ಬಾವಿ ತೋಡಿ ಗೊತ್ತಿದ್ದವರೇ ಬೇಕು. ಯಾವ ಗೋಡೆ ಕುಸಿಯುತ್ತದೆ, ಯಾವುದು ನಿಲ್ಲುತ್ತದೆ ಅಂತ ಅವರಿಗೆ ಮುಟ್ಟಿದರೆ ತಿಳಿಯುತ್ತದೆ. ಕಸ ಕೊಳೆತ ಬಾವಿಯ ತಳದಲ್ಲಿ ಕೆಟ್ಟ ಗಾಳಿ ನಿಂತಿರುತ್ತದೆ. ಮೇಣದಬತ್ತಿ ಉರಿಯಿತು ಅಂತ ನಂಬಿ ಇಳಿಯುವ ಕಾಲ ಇದಲ್ಲ. ಗ್ಯಾಸ್ ಅಳೆಯುವ ಮೀಟರ್, ಗಾಳಿ ಊದುವ ಬ್ಲೋವರ್, ಸೊಂಟದ ಪಟ್ಟಿ, ಮೇಲೆ ಹಗ್ಗ ಹಿಡಿದು ಕಣ್ಣು ಕದಲಿಸದೆ ನಿಂತ ಒಬ್ಬ ಮನುಷ್ಯ ಬೇಕು.

2015–16ರ ಬರ ಈ ಕೆಲಸಕ್ಕೆ ಬಲ ಕೊಟ್ಟಿತು. 2016ರ ಏಪ್ರಿಲ್‌ನಲ್ಲಿ ಪಕ್ಕದ ಲಾತೂರಿಗೆ ಮೀರಜ್‌ನಿಂದ ರೈಲಿನಲ್ಲಿ ನೀರು ಬಂದದ್ದು ಎಲ್ಲರಿಗೂ ನೆನಪಿರಬೇಕು. ಬೀದರ್‌ಗೂ ಅದೇ ಗತಿ ಬರುತ್ತದಾ ಅನ್ನುವ ಅಂಜಿಕೆ ಇತ್ತು. ಆಗ ಜಿಲ್ಲಾಧಿಕಾರಿಯಾಗಿದ್ದ ಅನುರಾಗ್ ತಿವಾರಿ ಕೆರೆ, ತೆರೆದ ಬಾವಿ, ಕರೇಜ್ ಮೂರಕ್ಕೂ ಕೈ ಹಾಕಿದರು. ನೌಬಾದ್‌ನಲ್ಲಿ ಹೂಳು ಮೇಲೆ ಬಂತು. ಹಳೆ ಬಾವಿಗಳನ್ನು ಜನರೂ ಸೇರಿ ಸ್ವಚ್ಛ ಮಾಡಿದರು. ಅಧಿಕಾರಿ, ಸಂಸ್ಥೆ, ಊರವರು ಒಂದೇ ಕಡೆ ನೋಡಿದರೆ ಕೆಲಸ ಎಷ್ಟು ಬೇಗ ಆಗುತ್ತದೆ ಅನ್ನೋದು ಆಗ ಕಂಡಿತು. ಆದರೆ ಅಧಿಕಾರಿಗೆ ವರ್ಗಾವಣೆ ಇದೆ, ಸುರಂಗಕ್ಕೆ ಇಲ್ಲ.

ಹೆಸರೇನೋ ಬಂತು. ಹಳೆಯ ಸ್ಮಾರಕಗಳನ್ನು ಕಾಪಾಡುವ ಅಂತರರಾಷ್ಟ್ರೀಯ ಸಂಸ್ಥೆ ವರ್ಲ್ಡ್ ಮಾನ್ಯುಮೆಂಟ್ಸ್ ಫಂಡ್ 2014ರಲ್ಲಿ ಬೀದರ್ ನಗರವನ್ನು, 2020ರಲ್ಲಿ ದಖನ್ನಿನ ಹಳೆಯ ನೀರಿನ ವ್ಯವಸ್ಥೆಗಳನ್ನು ತನ್ನ ಕಾಳಜಿಯ ಪಟ್ಟಿಗೆ ಸೇರಿಸಿತು. ವಾಟ್ಸಾಪ್‌ನಲ್ಲಿ ನಮ್ಮ ಕರೇಜ್‌ಗೆ ಯುನೆಸ್ಕೋ ಪಟ್ಟ ಸಿಕ್ಕಿದೆ ಅನ್ನುವ ಸಂದೇಶ ಕಂಡರೆ ನಂಬಬೇಡಿ. 2016ರಲ್ಲಿ ಅದು ಸಿಕ್ಕಿದ್ದು ಇರಾನಿನ ಕಾಲುವೆಗಳಿಗೆ.

ಈಗ ದುಡ್ಡಿನ ಮಾತು. ಸಣ್ಣ ಸಂಸ್ಥೆ ನೋಂದಣಿ ಆಗುವುದು 1960ರ ಸಂಘಗಳ ಕಾಯ್ದೆಯಡಿ, ಅದು ಸುಲಭ. ಸಂಬಳ ಹೊಂದಿಸುವುದು ಕಷ್ಟ. 2013ರ ಕಂಪನಿ ಕಾಯ್ದೆ ಬಂದ ಮೇಲೆ ದೊಡ್ಡ ಕಂಪನಿಗಳು ಲಾಭದ ಶೇ. 2ರಷ್ಟನ್ನು ಸಮಾಜದ ಕೆಲಸಕ್ಕೆ ಕೊಡಬೇಕು. ಆದರೆ ಅದರ ನಿಯಮದಲ್ಲಿ ಒಂದು ಯೋಜನೆಗೆ ಹೆಚ್ಚೆಂದರೆ ಮೂರ್ನಾಲ್ಕು ವರ್ಷದ ಆಯಸ್ಸು. ಹೊರದೇಶದ ದೇಣಿಗೆಗೆ ಅದರದ್ದೇ ಬೇರೆ ಕಾಯ್ದೆಯ 2020ರ ತಿದ್ದುಪಡಿ ಅಡ್ಡ ಬಂತು. ಆಡಳಿತ ಖರ್ಚಿನ ಮಿತಿ ಶೇ. 50ರಿಂದ 20ಕ್ಕೆ ಇಳಿಯಿತು. ದೊಡ್ಡ ಸಂಸ್ಥೆ ಪಡೆದ ಆ ಹಣವನ್ನು ಸಣ್ಣ ಸಂಸ್ಥೆಗೆ ದಾಟಿಸುವುದೂ ನಿಂತಿತು. ಇನ್ನು ಉದ್ಯೋಗ ಖಾತ್ರಿ ಇರುವುದು ಹಳ್ಳಿಗೆ. ನೌಬಾದ್ ನಗರದ ಒಳಗೆ ಬರುತ್ತದೆ. ಹಳ್ಳಿಯ ಕೆರೆ ಹೂಳಿಗೆ ಕೂಲಿ ಕೊಡಬಹುದು, ನಗರದ ಸುರಂಗದ ಹೂಳಿಗೆ ಆ ದಾರಿ ಇಲ್ಲ.

ಪರಿಣಾಮ ಊಹಿಸಬಹುದು. ಯೋಜನೆ ಇರುವಾಗ ಹುಡುಗರು ಇರುತ್ತಾರೆ. ಮುಗಿದ ಮೇಲೆ ಹೈದರಾಬಾದ್ ಬಸ್ ಹತ್ತುತ್ತಾರೆ. ಅವರ ಜೊತೆಗೇ ಯಾವ ಬಾವಿಯ ಗೋಡೆ ಸಡಿಲ, ಯಾವ ಮಾಲೀಕರ ಜೊತೆ ಹೇಗೆ ಮಾತಾಡಬೇಕು ಅನ್ನುವ ತಿಳಿವಳಿಕೆಯೂ ಹೋಗುತ್ತದೆ. ಹೊಸಬರು ಮೊದಲಿಂದ ಕಲಿಯಬೇಕು. ಅಷ್ಟರಲ್ಲಿ ಎರಡು ಮಳೆಗಾಲದ ಕೆಸರು ಒಳಗೆ ಸೇರಿರುತ್ತದೆ.

ನನ್ನ ಪ್ರಕಾರ ಇದಕ್ಕೆ ಇನ್ನೊಂದು ಭಾರಿ ಜೀರ್ಣೋದ್ಧಾರ ಯೋಜನೆ ಬೇಡ. ಬೇಕಾದ್ದು ಸಣ್ಣದು. ಇಳಿಯಲು ಬರುವ ನಾಲ್ಕೈದು ಜನ, ಅವರಿಗೆ ತಿಂಗಳ ಸಂಬಳ ಮತ್ತು ವಿಮೆ, ದಾಖಲೆ ನೋಡಿಕೊಳ್ಳಲು ಒಬ್ಬರು, ಒಂದು ಬ್ಲೋವರ್, ಗಾಳಿಬಾವಿಗಳ ಬಾಯಿಗೆ ಜಾಲರಿ. ಮಳೆಗೆ ಮುಂಚೆ ಒಮ್ಮೆ, ದಸರಾ ಮುಗಿದ ಮೇಲೆ ಒಮ್ಮೆ ಇಳಿದು ನೋಡಬೇಕು. ಇದನ್ನು ನಗರ ಆಡಳಿತದ ನೀರು ಸರಬರಾಜಿನ ಲೆಕ್ಕದಲ್ಲೇ ಇಡಬಹುದು, ಯಾಕಂದರೆ ಇದು ನೀರು ಸರಬರಾಜೇ. ಪ್ರವಾಸೋದ್ಯಮದ ಲೆಕ್ಕಕ್ಕೆ ಹೋದರೆ ಮೊದಲು ಬರುವುದು ಕಮಾನು, ದೀಪ, ಸೆಲ್ಫಿ ಪಾಯಿಂಟು. ಹೂಳಿನ ಬುಟ್ಟಿ ಕೊನೆಗೆ.