ಬಳ್ಳಾರಿಯ ಪರದೆಯಿಂದ ಫ್ಯಾಷನ್ ವೇದಿಕೆಯವರೆಗೆ: ಸೆಟ್ ವಿನ್ಯಾಸ ವೃತ್ತಿಯಾದ ಬಗೆ

ಬ್ರಿಟನ್ನಿನ ಶೋನಾ ಹೀತ್ ಅವರು ಛಾಯಾಗ್ರಾಹಕ ಟಿಮ್ ವಾಕರ್ ಅವರ ಫ್ಯಾಷನ್ ಚಿತ್ರಗಳಿಗೆ ವರ್ಷಗಟ್ಟಲೆ ಸೆಟ್ ಕಟ್ಟಿಕೊಟ್ಟು, ಅನಂತರ ಸಿನಿಮಾದ ಕಡೆ ಬಂದು, ‘ಪೂರ್ ಥಿಂಗ್ಸ್’ ಚಿತ್ರಕ್ಕಾಗಿ ಜೇಮ್ಸ್ ಪ್ರೈಸ್ ಮತ್ತು ಜುಜಾ ಮಿಹಾಲೆಕ್ ಅವರೊಂದಿಗೆ 2024ರಲ್ಲಿ ಆಸ್ಕರ್ ಪಡೆದರು. ಜೀನ್ಸ್ ಹೊಲಿಗೆಗೂ ನಾಟಕಕ್ಕೂ ಹೆಸರಾದ ಬಳ್ಳಾರಿಯಲ್ಲಿ ಕುಳಿತು ನೋಡುವವರಿಗೆ ಫ್ಯಾಷನ್, ಸಿನಿಮಾ ಎಂಬ ಈ ಎರಡು ಲೋಕಗಳ ನಂಟು ತೀರ ಅಪರಿಚಿತವಲ್ಲ. ಎರಡಕ್ಕೂ ಸೆಟ್ ಒದಗಿಸುವ ವೃತ್ತಿಯ ಬೇರು ಇರುವುದು ರಂಗಭೂಮಿಯಲ್ಲೇ.

ಧರ್ಮವರಂ ಕೃಷ್ಣಮಾಚಾರ್ಯರ ಸರಸ ವಿನೋದಿನಿ ಸಭೆ, ಕೋಲಾಚಲಂ ಶ್ರೀನಿವಾಸರಾಯರ ಸುಮನೋರಮಾ ಸಭೆ ಬಳ್ಳಾರಿಯಲ್ಲಿ ನಾಟಕವಾಡುತ್ತಿದ್ದ ಕಾಲಕ್ಕೆ ಪಾರ್ಸಿ ನಾಟಕ ಕಂಪನಿಗಳ ಚಿತ್ರಿತ ಪರದೆಗಳ ರೂಢಿ ದಕ್ಷಿಣಕ್ಕೂ ಹಬ್ಬಿತ್ತು. ಕಂಪನಿ ನಾಟಕದವರ ಬಳಿ ಕಾಡು, ಬೀದಿ, ತೋಟ, ದರ್ಬಾರು ಎಂದು ಸಿದ್ಧ ಪರದೆಗಳಿರುತ್ತಿದ್ದವು. ಪ್ರತಿ ನಾಟಕಕ್ಕೂ ಬೇರೆ ವಿನ್ಯಾಸವಿರಲಿಲ್ಲ, ಇದ್ದ ಪರದೆಗಳಿಗೇ ನಾಟಕ ಹೊಂದಿಕೊಳ್ಳಬೇಕಿತ್ತು. ಬೀದಿಯ ಪರದೆ ಇಳಿಸಿ ಅದರ ಮುಂದೆ ಹಾಸ್ಯದ ದೃಶ್ಯ ನಡೆಸುವಷ್ಟರಲ್ಲಿ ಹಿಂದೆ ದರ್ಬಾರು ಸಜ್ಜಾಗುತ್ತಿತ್ತು. ನಮ್ಮ ಹಾಸ್ಯನಟರ ಜನಪ್ರಿಯತೆಯಲ್ಲಿ ಒಂದು ಪಾಲು ಸಾಮಾನು ಸಾಗಿಸುವವರಿಗೂ ಸಲ್ಲಬೇಕೆಂದು ನನಗನ್ನಿಸುತ್ತದೆ. ಪರದೆ ಬರೆದ ಕಲಾವಿದ ಮಾತ್ರ ಬಹುಮಟ್ಟಿಗೆ ಹೆಸರಿಲ್ಲದೆ ಉಳಿದ.

ಸಿನಿಮಾ ಬಂದಾಗ ಈ ವ್ಯವಸ್ಥೆ ಸಾಲದಾಯಿತು. ಕ್ಯಾಮೆರಾ ಚಲಿಸಿದೊಡನೆ ಬಟ್ಟೆಯ ಮೇಲಿನ ಕಂಬ ಚಪ್ಪಟೆಯೆಂಬುದು ಬಯಲಾಗುತ್ತದೆ, ಬಣ್ಣದಲ್ಲಿ ಬರೆದ ನೆರಳು ದೀಪದ ನೆರಳಿಗೆ ಹೊಂದುವುದಿಲ್ಲ. ಹಾಗಾಗಿ ಮರ, ಪ್ಲಾಸ್ಟರ್ ಬಳಸಿ ನಿಜವಾದ ಆಳವಿರುವ ಜಾಗವನ್ನೇ ಕಟ್ಟಬೇಕಾಯಿತು. ರಂಗನಟ ಬಳ್ಳಾರಿ ರಾಘವರು ತೆಲುಗು ಚಿತ್ರಗಳಲ್ಲಿ ನಟಿಸಿದ್ದು ಈ ಬದಲಾವಣೆಯ ಕಾಲದಲ್ಲೇ, 1930ರ ದಶಕದಲ್ಲಿ. 1939ರಲ್ಲಿ ಹಾಲಿವುಡ್‌ನ ‘ಗಾನ್ ವಿತ್ ದಿ ವಿಂಡ್’ ಚಿತ್ರದ ಇಡೀ ದೃಶ್ಯರೂಪವನ್ನು ಯೋಜಿಸಿದ ವಿಲಿಯಂ ಕ್ಯಾಮರೂನ್ ಮೆಂಜಿಸ್ ಅವರಿಗೆ ‘ಪ್ರೊಡಕ್ಷನ್ ಡಿಸೈನರ್’ ಎಂಬ ಪಟ್ಟ ಸಿಕ್ಕಿತು. ‘ಕಲಾ ನಿರ್ದೇಶನ’ ಎಂದಿದ್ದ ಆಸ್ಕರ್ ವಿಭಾಗದ ಹೆಸರು ಅದಕ್ಕೆ ತಕ್ಕಂತೆ ಬದಲಾಗಲು 2012ರವರೆಗೆ ಕಾಯಬೇಕಾಯಿತು.

ಫ್ಯಾಷನ್ ಲೋಕ ಇಷ್ಟು ದೊಡ್ಡ ಸೆಟ್ಟುಗಳಿಗೆ ಹಣ ಸುರಿಯತೊಡಗಿದ್ದು ತಡವಾಗಿ. ವಸ್ತ್ರವಿನ್ಯಾಸಕ ಜಾನ್ ಗ್ಯಾಲಿಯಾನೊ ಕಾಲದಲ್ಲಿ ಪ್ಯಾರಿಸ್ಸಿನ ಫ್ಯಾಷನ್ ಸಂಸ್ಥೆ ಡಿಯೋರ್ ನಡೆಸಿದ ಪ್ರದರ್ಶನಗಳಿಗೆ ಸೆಟ್ ರಚಿಸಿದ ಮೈಕೆಲ್ ಹೊವೆಲ್ಸ್ 1996ರ ‘ಎಮ್ಮಾ’ ಚಿತ್ರಕ್ಕೂ ವಿನ್ಯಾಸಕರಾಗಿದ್ದರು. ಇನ್ನೊಂದು ಫ್ಯಾಷನ್ ಸಂಸ್ಥೆ ಶನೆಲ್ ತನ್ನ ಪ್ರದರ್ಶನಗಳಿಗಾಗಿ ಪ್ಯಾರಿಸ್ಸಿನ ಗ್ರ್ಯಾಂಡ್ ಪ್ಯಾಲೆ ಎಂಬ ಭವನದೊಳಗೆ 2014ರಲ್ಲಿ ಸೂಪರ್ ಮಾರ್ಕೆಟ್ ಕಟ್ಟಿತು, 2017ರಲ್ಲಿ ರಾಕೆಟ್ ನಿಲ್ಲಿಸಿತು. ಸಿನಿಮಾದ ಸೆಟ್ ವಾರಗಟ್ಟಲೆ ನಿಲ್ಲುತ್ತದೆ, ಕ್ಯಾಮೆರಾ ನೋಡದ ಬದಿಯನ್ನು ಹಾಗೆಯೇ ಬಿಡಬಹುದು. ಫ್ಯಾಷನ್ ಪ್ರದರ್ಶನ ಕಾಲು ಗಂಟೆಯೊಳಗೆ ಮುಗಿದರೂ ಅದರ ಸೆಟ್ ಸುತ್ತ ಕುಳಿತವರೆಲ್ಲರ ಕಣ್ಣಿಗೂ ಸರಿಯೆನಿಸಬೇಕು, ಉಡುಪಿನ ಬಣ್ಣವನ್ನಂತೂ ನುಂಗಬಾರದು.

ನಮ್ಮ ಭಾಗದಲ್ಲಿ ಬಟ್ಟೆ ಹೊಲಿಯುವವರಿಗೂ ನಾಟಕದವರಿಗೂ ಕೊರತೆಯಿಲ್ಲ. ಆದರೆ ಈ ವೃತ್ತಿಯನ್ನು ಕ್ರಮವಾಗಿ ಕಲಿಯಬಯಸುವವರು ಕಲಾ ನಿರ್ದೇಶನಕ್ಕೆ ಪುಣೆಯ ಫಿಲ್ಮ್ ಇನ್‌ಸ್ಟಿಟ್ಯೂಟ್, ರಂಗವಿನ್ಯಾಸಕ್ಕೆ ದೆಹಲಿಯ ರಾಷ್ಟ್ರೀಯ ನಾಟಕ ಶಾಲೆ, ರಂಗಭೂಮಿಯ ಒಟ್ಟು ತರಬೇತಿಗೆ ಹೆಗ್ಗೋಡಿನ ನೀನಾಸಂ ಎಂದು ದೂರದ ಹೆಸರುಗಳನ್ನೇ ನೋಡಬೇಕಾಗಿದೆ. ಉಳಿದವರು ಯಾವುದಾದರೂ ಕಲಾ ನಿರ್ದೇಶಕರ ಕೈಕೆಳಗೆ ಸಹಾಯಕರಾಗಿ ಸೇರಿ, ಅಳತೆಯ ನಕ್ಷೆ, ಪುಟ್ಟ ಮಾದರಿ, ಖರ್ಚಿನ ಪಟ್ಟಿ ಮಾಡುವುದನ್ನು ಕೆಲಸದ ನಡುವೆಯೇ ಕಲಿಯುತ್ತಾರೆ.