ಸಾಮಾನು ಕಡಿಮೆ ಮಾಡಿದರೂ ಆ ಮೂಲೆಯಲ್ಲಿ ನೆಮ್ಮದಿ ಯಾಕಿಲ್ಲ?

ಪ್ರಶ್ನೆ: ಬೇಡದ್ದನ್ನೆಲ್ಲ ಮನೆಯಿಂದ ಹೊರಗೆ ಹಾಕಿದ್ದಾಯಿತು. ಓದಲು ಒಂದು ಮೂಲೆ, ಅಲ್ಲೊಂದು ಕುರ್ಚಿ, ಪಕ್ಕದಲ್ಲಿ ಶೆಲ್ಫ್, ಅಷ್ಟೇ ಇರುವುದು. ಆದರೂ ಅಲ್ಲಿ ಕೂತರೆ ಏನೋ ಕಿರಿಕಿರಿ. ಇನ್ನೂ ಏನು ತೆಗೆಯಬೇಕು?

ಉತ್ತರ: ತೆಗೆಯುವುದನ್ನು ಸದ್ಯಕ್ಕೆ ನಿಲ್ಲಿಸಿ. ಒಂದು ಸಂಜೆ ಶೆಲ್ಫಿನ ಮುಂದೆ ನಿಂತು, ನೀವು ಬೇಕೆಂದೇ ಇಟ್ಟದ್ದು ಯಾವುದು, ತಾನಾಗಿ ಬಂದು ಕೂತದ್ದು ಯಾವುದು ನೋಡಿ. ಬೀಗದ ಕೈ, ಚಾರ್ಜರ್ ವೈರು, ನಾಲ್ಕಾಗಿ ಮಡಿಸಿದ ಕರೆಂಟು ಬಿಲ್, ಕನ್ನಡಕದ ಡಬ್ಬಿ. ಎಷ್ಟು ಸಲ ಎತ್ತಿಟ್ಟರೂ ಇವು ಮರುದಿನ ಅಲ್ಲೇ ಹಾಜರ್, ಪಾಪ, ಅವಕ್ಕೆ ಬೇರೆ ಜಾಗವೇ ಇಲ್ಲ. ಮೊದಲು ಬಾಗಿಲ ಹತ್ತಿರ ಅವಕ್ಕೊಂದು ಡ್ರಾಯರ್ ಅಥವಾ ಮುಚ್ಚಳದ ಬುಟ್ಟಿ ಮಾಡಿಕೊಡಿ. ಅರ್ಧ ಕಿರಿಕಿರಿ ಅಲ್ಲೇ ಹೋಗುತ್ತದೆ.

ಇನ್ನು ಹಲಗೆ. ಮಾಮೂಲಿ ಪುಸ್ತಕಗಳಿಗೆ 20ರಿಂದ 25 ಸೆಂ.ಮೀ. ಆಳ ಸಾಕು. 40 ಸೆಂ.ಮೀ. ಮಾಡಿಸಿದಿರೋ, ಪುಸ್ತಕದ ಮುಂದೆ ಮಿಕ್ಕ ಜಾಗದಲ್ಲಿ ಇನ್ನೊಂದು ಸಾಲು ಹುಟ್ಟಿಕೊಳ್ಳುತ್ತದೆ. ಉದ್ದದಲ್ಲಿ ಇನ್ನೂ ಎಚ್ಚರ ಬೇಕು. ಅದೇ ದಪ್ಪದ ಹಲಗೆಯ ಮೇಲೆ ಉದ್ದಕ್ಕೂ ಪುಸ್ತಕ ತುಂಬಿದರೆ, ಆಧಾರಗಳ ನಡುವಿನ ಅಂತರ ಎರಡು ಪಟ್ಟಾದಾಗ ಬಾಗು 16 ಪಟ್ಟಾಗುತ್ತದೆ! ನಡುವೆ ಜೋತುಬಿದ್ದ ಹಲಗೆ ಕಣ್ಣನ್ನು ಎಳೆಯುತ್ತಲೇ ಇರುತ್ತದೆ. ಒಂದು ಬ್ರಾಕೆಟ್ ಹೆಚ್ಚಿಗೆ ಹಾಕಿಸಿ.

ಜಪಾನಿನ ಸಾಂಪ್ರದಾಯಿಕ ಮನೆಗಳಲ್ಲಿ ತೊಕೊನೊಮ ಎಂಬ ಗೂಡು ಇರುತ್ತದೆ. ಅದರಲ್ಲಿ ಒಂದು ತೂಗುಚಿತ್ರ, ಕೆಳಗೆ ಒಂದು ಹೂವಿನ ಜೋಡಣೆ. ಋತು ಬದಲಾದರೆ ಚಿತ್ರವೂ ಬದಲು. ಇಳಿಸಿದ ಚಿತ್ರವನ್ನು ಸುರುಳಿ ಸುತ್ತಿ ಪೆಟ್ಟಿಗೆಯಲ್ಲಿಡುತ್ತಾರೆ. ನನಗೆ ಗೂಡಿಗಿಂತ ಆ ಪೆಟ್ಟಿಗೆಯೇ ಹೆಚ್ಚು ಇಷ್ಟ. ಪ್ರೀತಿಯ ವಸ್ತುವನ್ನು ಕಳೆದುಕೊಳ್ಳಬೇಕಿಲ್ಲ, ಅದರ ಸರದಿ ಬರುವವರೆಗೆ ಒಳಗಿದ್ದರಾಯಿತು. ನೀವೂ ಒಂದು ಪೆಟ್ಟಿಗೆ ಇಟ್ಟುಕೊಳ್ಳಿ. ಒಂದು ಹಲಗೆಯ ಮೇಲೆ ಮಣ್ಣಿನ ಹೂಜಿ ಮಾತ್ರ ಉಳಿಸಿ, ಪಕ್ಕದಿಂದ 2700 ಕೆಲ್ವಿನ್‌ನ ಹಳದಿ ಬೆಳಕು (ಕೆಲ್ವಿನ್ ಎಂದರೆ ಬೆಳಕಿನ ಬಣ್ಣದ ಅಳತೆ) ಬೀಳುವಂತೆ ದೀಪ ಇಡಿ. ಹೂಜಿಯ ನೆರಳು ಗೋಡೆಯ ಮೇಲೆ ಉದ್ದಕ್ಕೆ ಚಾಚುತ್ತದೆ, ತಿರುಗಣೆಯ ಮೇಲೆ ಕುಂಬಾರನ ಬೆರಳು ಬಿಟ್ಟ ಗೆರೆಗಳು ಒಂದೊಂದಾಗಿ ಕಾಣುತ್ತವೆ. ನೆತ್ತಿಯ ಮೇಲಿನ ಟ್ಯೂಬ್‌ಲೈಟಿನಲ್ಲಿ ಇದು ಸಿಗುವುದಿಲ್ಲ.

ಜೋಡಿಸಿದ ಮೇಲೆ ಕುರ್ಚಿಯಲ್ಲಿ ಕೂತೇ ನೋಡಿ. ಕೂತವರ ಕಣ್ಣು ನೆಲದಿಂದ ಸುಮಾರು 110ರಿಂದ 120 ಸೆಂ.ಮೀ. ಎತ್ತರದಲ್ಲಿರುತ್ತದೆ. ಹೂಜಿಯ ಹಲಗೆ ಅದಕ್ಕಿಂತ ತುಸು ಕೆಳಗಿರಲಿ.